ಸ್ಫೂರ್ತಿಗೆ ನೂರೆಂಟು ಸಲಹೆ ಸಿಕ್ಕಿದಾವೆ, ನಂಗೆ ಬೇಕಾದ್ದು ಯಾವ್ದು ಅಂತ ಹೆಂಗೆ ಗೊತ್ತಾಗ್ತದೆ?

ಪ್ರಶ್ನೆ: ಅಕ್ಕಾ ನಮಸ್ತೆ. ನಾನು ಕಾರವಾರದಲ್ಲಿ ಒಂದು ಸಹಕಾರಿ ಸಂಘದಲ್ಲಿ ಕ್ಲರ್ಕು, ವಯಸ್ಸು 31, ತವರುಮನೆ ಕುಮಟಾ ತಾಲೂಕು, ಅಘನಾಶಿನಿ ದಂಡೆ. ಎರಡು ಕಥೆ ಪತ್ರಿಕೇಲಿ ಬಂದಿದಾವೆ, ಎರಡನೇದು ಬಂದು ಒಂದೂವರೆ ವರ್ಷ ಆಯ್ತು, ಆಮೇಲೆ ಒಂದು ಪುಟನೂ ಮುಂದೆ ಹೋಗ್ತಿಲ್ಲ. ನಮ್ಮಜ್ಜಿ ಹೊಳೇಲಿ ಬಳಚು ಆರಿಸಿ ಮಾರಿ ನಾಲ್ಕು ಮಕ್ಕಳನ್ನ ಸಾಕಿದವ್ರು (ಬಳಚು ಅಂದ್ರೆ ಹೊಳೆ ಕೆಸರಲ್ಲಿ ಸಿಗೋ, ತಿನ್ನೋ ಚಿಪ್ಪಿ), ಅವ್ರ ಮೇಲೆ ಒಂದು ಕಥೆ ಬರೀಬೇಕು ಅಂತ ಆಸೆ, ಆದ್ರೆ ಮೊದಲ ಪ್ಯಾರಾನೇ ಹನ್ನೊಂದು ಸಲ ಬರ್ದು ಹರಿದು ಹಾಕಿದೀನಿ. ಸ್ಫೂರ್ತಿ ಬಗ್ಗೆ ಸಿಕ್ಕಿದ್ದೆಲ್ಲ ಓದ್ದೆ, ವಿಡಿಯೋ ನೋಡ್ದೆ, 3,500 ರೂಪಾಯಿ ಕೊಟ್ಟು ಒಂದು ಆನ್‌ಲೈನ್ ಕೋರ್ಸೂ ಮಾಡ್ದೆ. ಒಬ್ರು ದಿನಾ ಬರಿ ಅಂತಾರೆ, ಇನ್ನೊಬ್ರು ಒಳಗಿಂದ ಬಂದಾಗ ಮಾತ್ರ ಬರಿ ಅಂತಾರೆ, ಮತ್ತೊಬ್ರು ಪ್ರಕೃತಿ ಹತ್ರ ಹೋಗು ಅಂತಾರೆ. ದಿನಾ ಸಂಜೆ ಟ್ಯಾಗೋರ್ ಬೀಚಲ್ಲಿ ನೋಟ್‌ಬುಕ್ ಹಿಡ್ಕೊಂಡು ಕೂತು ಬರ್ತೀನಿ, ಸೂರ್ಯ ಮುಳುಗ್ತಾನೆ, ನಾನು ಎದ್ದು ಬರ್ತೀನಿ, ಅಷ್ಟೇ. ಆಫೀಸಲ್ಲಿ ಒಬ್ರು "ಅದೆಲ್ಲ ಹುಟ್ಟಿನಿಂದ ಬರ್ಬೇಕು ಮಾರಾಯ್ತಿ" ಅಂದ್ರು, ಅದು ಚುಚ್ಚಿ ಕೂತಿದೆ. ಯಾವ ಸಲಹೆ ನಂಬ್ಲಿ ಅಕ್ಕಾ? ನನ್ನ ನೀನು ಅಂತಲೇ ಕರೀರಿ.

ಉತ್ತರ: ತಂಗೀ, ನಿನ್ನ ಪತ್ರ ಎರಡು ಸಲ ಓದ್ದೆ. ಮೊದಲ ಪ್ಯಾರಾನ ಹನ್ನೊಂದು ಸಲ ಬರ್ದವಳಿಗೆ ಸ್ಫೂರ್ತಿ ಕಮ್ಮಿ ಅಂತ ನಂಗೆ ಅನ್ಸೋದಿಲ್ಲ, ಮನಸ್ಸಿಲ್ಲದವ್ರು ಎರಡನೇ ಸಲಕ್ಕೇ ಬಿಟ್ಟು ಏಳ್ತಾರೆ. ನಿಂಗೆ ಸಿಕ್ಕಿದ ಸಲಹೆಗಳೂ ಪೂರ್ತಿ ಸುಳ್ಳಲ್ಲ, ಹೆಚ್ಚಿನವು ಯಾರಿಗೋ ಯಾವಾಗ್ಲೋ ಉಪಯೋಗ ಆದವೇ. ಆದ್ರೆ ಅದು ಯಾವ ಕಾಯಿಲೆಗೆ, ಯಾವ ಹೊತ್ತಲ್ಲಿ ಅಂತ ಯಾರೂ ಹೇಳಿಲ್ಲ, ಬರೇ ಮದ್ದಿನ ಹೆಸರು ಹೇಳಿ ಹೋಗಿದಾರೆ.

ನಾನು ಶಿರಸಿ ಹತ್ರ ಅಡಿಕೆ ತೋಟದ ಮನೇಲಿ ಬೆಳೆದವಳು, ಮದ್ದು ಅಂದ ಕೂಡ್ಲೇ ನಂಗೆ ನೆನಪಾಗೋದು ಕೊಳೆ ಮದ್ದು, ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆತು ಉದುರೋ ರೋಗಕ್ಕೆ ಹೊಡೆಯೋದು. ಮಳೆ ಹಿಡಿಯೋಕ್ಕಿಂತ ಮೊದಲೇ ಅಂಗಳದಲ್ಲಿ ಎರಡು ಡ್ರಮ್ ಇಡ್ತಿದ್ರು, ಒಂದ್ರಲ್ಲಿ 50 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), ಇನ್ನೊಂದ್ರಲ್ಲಿ 50 ಲೀಟರಿಗೆ ಒಂದು ಕೆಜಿ ಸುಣ್ಣ, ಆಮೇಲೆ ಎರಡೂ ಸೇರ್ಸಿದ್ರೆ ತಿಳಿನೀಲಿ ಬಣ್ಣದ ಬೋರ್ಡೋ ದ್ರಾವಣ, ಅದೇ ಕೊಳೆ ಮದ್ದು. ಸೇರ್ಸಿದ ತಕ್ಷಣ ಅಪ್ಪ ಮರಕ್ಕೆ ಹೊಡ್ಸ್ತಿರಲಿಲ್ಲ. ಉಜ್ಜಿ ಹೊಳಪು ಮಾಡಿದ ಕತ್ತಿ ಅಲಗನ್ನ ಅದ್ರೊಳಗೆ ಸ್ವಲ್ಪ ಹೊತ್ತು ಅದ್ದಿ ಹಿಡೀತಿದ್ರು, ಮೇಲೆ ಎತ್ತಿದಾಗ ಅಲಗಿನ ಮೇಲೆ ಕೆಂಪಗೆ ತಾಮ್ರ ಕೂತಿದ್ರೆ ಸುಣ್ಣ ಸಾಲ್ಲಿಲ್ಲ ಅಂತ ಅರ್ಥ, ಹಂಗೇ ಹೊಡೆದ್ರೆ ಎಳೆ ಕಾಯಿ ಸುಟ್ಟು ಹೋಗ್ತದೆ, ಇನ್ನಷ್ಟು ಸುಣ್ಣ ಹಾಕಿ ಮತ್ತೆ ಅದ್ದಿ ನೋಡ್ಬೇಕು. ಇನ್ನೊಂದು ವಿಷ್ಯ ಅಂದ್ರೆ ಈ ಮದ್ದು ಕೊಳೆ ಬರದ ಹಾಗೆ ತಡೀತದೆ, ಕೊಳೆತು ಉದುರೋಕೆ ಶುರುವಾದ ಕಾಯನ್ನ ಉಳಿಸ್ಕೊಡೋದಿಲ್ಲ. ಆಗಸ್ಟಲ್ಲಿ ಕಾಯಿ ಉದುರ್ತಾ ಇರುವಾಗ ಯಾರಾದ್ರೂ ಬಂದು ಬೋರ್ಡೋ ಒಳ್ಳೇದು ಅಂದ್ರೆ ಅವ್ರ ಮಾತು ಸುಳ್ಳಲ್ಲ, ಆದ್ರೆ ಉದುರಿದ ಕಾಯಿಗೆ ಅದ್ರಿಂದ ಏನೂ ಆಗೋದಿಲ್ಲ.

ನಿನ್ನ ಹತ್ರ ಇರೋ ಸಲಹೆಗಳ ಕತೆನೂ ಇದೇ. "ಪ್ರಕೃತಿ ಹತ್ರ ಹೋಗು" ಅನ್ನೋದು ಸರಕು ಖಾಲಿ ಆದವ್ರಿಗೆ, ದಣಿದವ್ರಿಗೆ. "ದಿನಾ ಬರಿ" ಅನ್ನೋದು ಸರಕಿದ್ದೂ ಕೂರದವ್ರಿಗೆ. "ಒಳಗಿಂದ ಬರ್ಲಿ, ಕಾದಿರು" ಅನ್ನೋದು ಕಥೆ ಅರ್ಧ ಕಟ್ಟಿ ಒಂದು ಗಂಟಲ್ಲಿ ಸಿಕ್ಕಿಬಿದ್ದವ್ರಿಗೆ, ಅದೂ ಸ್ವಲ್ಪ ದಿನಕ್ಕೆ ಮಾತ್ರ. ಹಾಗಾಗಿ ಯಾವ ಸಲಹೆ ನಂಬ್ಲಿ ಅಂತ ಕೇಳೋ ಮೊದಲು ನಾನು ಎಲ್ಲಿ ನಿಂತಿದೀನಿ ಅಂತ ನೋಡ್ಕೋಬೇಕು. ನೀನು ನಿಂತಿರೋ ಜಾಗ ನಿನ್ನ ಪತ್ರದಲ್ಲೇ ಕಾಣ್ತದೆ, ಅದಕ್ಕೆ ಆಮೇಲೆ ಬರ್ತೀನಿ. ಮೊದಲು ಬೀಚಿನ ವಿಷ್ಯ ಮುಗಿಸ್ತೀನಿ, ಯಾಕಂದ್ರೆ ನೀನು ಕೂರೋ ಆ ಮರಳಿಗೇ ಸಂಬಂಧಪಟ್ಟ ಒಂದು ದೊಡ್ಡ ಮಾತಿದೆ.

ಆ ಬೀಚಿಗೆ ಟ್ಯಾಗೋರರ ಹೆಸರು ಯಾಕೆ ಬಂತು ಅಂತ ನಿಂಗೆ ಗೊತ್ತಿರ್ತದೆ. 1880ರ ದಶಕದ ಶುರುವಲ್ಲಿ ಅವ್ರ ಅಣ್ಣ ಸತ್ಯೇಂದ್ರನಾಥ್ ಟ್ಯಾಗೋರ್ ಕಾರವಾರದಲ್ಲಿ ಜಡ್ಜ್ ಆಗಿದ್ರು, ಬ್ರಿಟಿಷ್ ಕಾಲದ ಆಡಳಿತ ಸೇವೆ ಐಸಿಎಸ್ ಪಾಸಾದ ಮೊದಲ ಭಾರತೀಯ ಅವ್ರೇ. ಅಣ್ಣನ ಮನೇಗೆ ಬಂದು ಉಳ್ಕೊಂಡಾಗ ರವೀಂದ್ರರಿಗೆ ಇಪ್ಪತ್ತೆರಡರ ಆಸುಪಾಸು. 'ಪ್ರಕೃತಿರ ಪ್ರತಿಶೋಧ' ಅನ್ನೋ ನಾಟಕ ಬರ್ದದ್ದು ಕಾರವಾರದಲ್ಲಿ. ಇಷ್ಟನ್ನ ಎಲ್ಲರೂ ಹೇಳ್ತಾರೆ, ಭಾಷಣದಲ್ಲಿ ಹೇಳ್ತಾರೆ, ಅಲ್ಲಿಂದ ನೇರ ಒಂದು ತೀರ್ಮಾನಕ್ಕೂ ಬಂದುಬಿಡ್ತಾರೆ, ಏನಂದ್ರೆ ಸಮುದ್ರ ನೋಡಿದ್ರು ಬರೆದ್ರು, ನೀವೂ ಹೋಗಿ ನೋಡಿ ಬರೀತೀರಿ ಅಂತ.

ಆದ್ರೆ ಟ್ಯಾಗೋರರೇ ಆಮೇಲೆ ತಮ್ಮ ನೆನಪುಗಳ ಪುಸ್ತಕ 'ಜೀವನಸ್ಮೃತಿ'ಯಲ್ಲಿ ಕಾರವಾರದ ದಿನಗಳ ಬಗ್ಗೆ ಬರೀತಾ ಏನು ಹೇಳಿದಾರೆ ಅಂತ ಯಾರೂ ಮುಂದೆ ಓದೋದಿಲ್ಲ. ಒಂದು ದಿನ ಕಾಳಿ ಹೊಳೇಲಿ ದೋಣಿ ಹತ್ತಿ ಮೇಲಕ್ಕೆ ಹೋಗಿದ್ರು, ಬೆಟ್ಟದ ಮೇಲಿನ ಹಳೇ ಕೋಟೆ ನೋಡ್ಕೊಂಡು ಬೆಳದಿಂಗಳಲ್ಲಿ ವಾಪಸ್ ಬಂದ್ರು, ಹೊಳೆ ಸಮುದ್ರ ಸೇರೋ ಅಳಿವೆ ಹತ್ರ ಇಳಿದು ಮರಳಲ್ಲಿ ನಡ್ಕೊಂಡೇ ಮನೆಗೆ ಹೋದ್ರು. ಸರಿರಾತ್ರಿ, ಸಮುದ್ರದಲ್ಲಿ ಅಲೆ ಇಲ್ಲ, ಯಾವಾಗ್ಲೂ ಸುಂಯ್ ಅನ್ನೋ ಗಾಳಿ ಮರಗಳೂ ಸದ್ದಿಲ್ಲದೆ ನಿಂತಿದ್ವು. ಅದೇ ರಾತ್ರಿ ಕೂತು ಅದ್ರ ಮೇಲೆ ಪದ್ಯ ಬರೆದ್ರು. ಎಷ್ಟೋ ವರ್ಷ ಆದ್ಮೇಲೆ ಆ ಪದ್ಯದ ಬಗ್ಗೆ ಹೇಳ್ತಾ ಅವ್ರು ಅನ್ನೋದು, ಭಾವನೆ ಉಕ್ಕಿ ಮೈಮೇಲೆ ಬಂದಿರೋವಾಗ ಬರೆದದ್ದು ಒಳ್ಳೇದಾಗ್ತದೆ ಅಂತ ಏನಿಲ್ಲ, ಬರಿಯೋವ್ನು ಭಾವನೆಯಿಂದ ತೀರಾ ದೂರನೂ ಇರ್ಬಾರದು, ತೀರಾ ಹತ್ರನೂ ಇರ್ಬಾರದು, ಕಾವ್ಯದ ಬಣ್ಣ ಹಚ್ಚೋಕೆ ನೆನಪಿನಷ್ಟು ಒಳ್ಳೇ ಕುಂಚ ಇಲ್ಲ, ಎದುರಿಗೇ ಇರೋ ವಸ್ತು ಬಲವಂತ ಮಾಡ್ತದೆ, ಕಲ್ಪನೆಗೆ ಕೈಕಾಲು ಆಡ್ಸೋಕೆ ಜಾಗ ಬಿಡೋದಿಲ್ಲ, ಅನ್ನೋ ಅರ್ಥದ ಮಾತು. ಸ್ಫೂರ್ತಿ ಬಗ್ಗೆ ನಾನು ಓದಿದ ಮಾತುಗಳಲ್ಲಿ ಇದಕ್ಕಿಂತ ಕೆಲಸಕ್ಕೆ ಬರೋ ಮಾತು ಕಮ್ಮಿ. ಅದು ಹುಟ್ಟಿದ್ದು ನೀನು ದಿನಾ ನೋಟ್‌ಬುಕ್ ಹಿಡ್ಕೊಂಡು ಕೂರೋ ಜಾಗದ ಅನುಭವದಿಂದ ಅನ್ನೋದು ನಂಗೆ ತುಂಬಾ ಹತ್ರದ ವಿಷ್ಯ.

ನಮ್ಮ ಜಿಲ್ಲೇಲೇ ಇದಕ್ಕೆ ಇನ್ನೊಂದು ಸಾಕ್ಷಿ ಇದೆ. ಕಥೆಗಾರ ಯಶವಂತ ಚಿತ್ತಾಲರು ಹನೇಹಳ್ಳಿಯವ್ರು, ಕೆಲಸ ಮಾಡಿದ್ದು ಮುಂಬೈಯ ರಾಸಾಯನಿಕ ಉದ್ಯಮದಲ್ಲಿ, ಆದ್ರೆ ಕಥೆಗಳಲ್ಲಿ ಮತ್ತೆ ಮತ್ತೆ ಹೋಗಿ ಸೇರಿದ್ದು ಅದೇ ಹನೇಹಳ್ಳಿಗೆ. ಊರು ಕಣ್ಣೆದುರಿಗೆ ಇರ್ಲಿಲ್ಲ, ಒಳಗೆ ಇತ್ತು.

ಹಾಗಾಗಿ ಬೀಚಿಗೆ ಹೋಗು, ಗಾಳಿ ತಗೋ, ಸುಮ್ನೆ ಕೂರು, ಆದ್ರೆ ನೋಟ್‌ಬುಕ್ ಮನೇಲಿ ಬಿಟ್ಟು ಹೋಗು. ಕೂತು ಕಾಯೋದಕ್ಕಿಂತ ನಡಿ ಅಂತನೂ ಹೇಳ್ತೀನಿ. ನಡೆಯೋದ್ರ ಬಗ್ಗೆ 2014ರಲ್ಲಿ ಸ್ಟ್ಯಾನ್‌ಫರ್ಡ್ ಯೂನಿವರ್ಸಿಟಿಯ ಇಬ್ರು ಸಂಶೋಧಕರು ಪ್ರಯೋಗ ಮಾಡಿ ನೋಡಿದಾರೆ, ಕೂತಿದ್ದಾಗಿನದಕ್ಕಿಂತ ನಡೆಯುವಾಗ ಜನಕ್ಕೆ ಹೊಸ ಹೊಸ ಐಡಿಯಾಗಳು ಸರಾಸರಿ 60 ಪರ್ಸೆಂಟ್ ಜಾಸ್ತಿ ಬಂದ್ವು, ಗೋಡೆಗೆ ಮುಖ ಮಾಡಿ ಟ್ರೆಡ್‌ಮಿಲ್ ಮೇಲೆ ನಡೆದ್ರೂ ಬಂದ್ವು, ಅಂದ್ರೆ ಕೆಲಸ ಮಾಡಿದ್ದು ನೋಟಕ್ಕಿಂತ ಹೆಚ್ಚಾಗಿ ಕಾಲು. ಅದೇ ಪ್ರಯೋಗದಲ್ಲಿ ಒಂದೇ ಸರಿಯುತ್ತರ ಹುಡುಕ್ಬೇಕಾದ ಕೆಲಸಕ್ಕೆ ನಡಿಗೆಯಿಂದ ಲಾಭ ಆಗ್ಲಿಲ್ಲ, ಸ್ವಲ್ಪ ಕೆಟ್ಟದ್ದೇ ಆಯ್ತು. ಈ ಎರಡನೇ ಭಾಗನ ಯಾರೂ ಹೇಳೋದಿಲ್ಲ, ನಂಗೆ ಅದೇ ಮುಖ್ಯ ಅನ್ಸ್ತದೆ. ಮುಂದೆ ಏನಾಗ್ಬಹುದು ಅಂತ ಹತ್ತು ದಾರಿ ಬೇಕಾದಾಗ ಕೋಡಿಬಾಗದ ಕಡೆ ನಡಿ, ಹತ್ತರಲ್ಲಿ ಒಂದು ಆರಿಸಿ ವಾಕ್ಯ ಕೂರ್ಸ್ಬೇಕಾದಾಗ ಮನೇಗೆ ಬಂದು ಬಾಗ್ಲು ಹಾಕ್ಕೊಂಡು ಕೂರು.

ಈಗ ಆಫೀಸಿನವ್ರ ಮಾತಿಗೆ ಬರ್ತೀನಿ, ಚುಚ್ಚಿದೆ ಅಂತ ಬರ್ದಿದೀಯಲ್ಲ. ಹುಟ್ಟಿನಿಂದ ಬರ್ಬೇಕು ಅನ್ನೋದು ನಮ್ಮ ಕಡೆ ಬಹಳ ಜನ ನಂಬಿರೋ ಮಾತು, ಹಳಬ್ರೂ ಪ್ರತಿಭೆ ಅಂದ್ರು ಅಂತ ಹೇಳ್ತಾರೆ. ಹಳಬ್ರು ಹೇಳಿದ್ದು ಅಷ್ಟಕ್ಕೇ ನಿಲ್ಲೋದಿಲ್ಲ. ಹನ್ನೊಂದನೇ ಶತಮಾನದ ಸಂಸ್ಕೃತ ಕಾವ್ಯಶಾಸ್ತ್ರಕಾರ ಮಮ್ಮಟ 'ಕಾವ್ಯಪ್ರಕಾಶ'ದಲ್ಲಿ ಕಾವ್ಯ ಹುಟ್ಟೋಕೆ ಶಕ್ತಿ, ನಿಪುಣತೆ, ಅಭ್ಯಾಸ ಅಂತ ಮೂರು ಹೇಳ್ತಾನೆ, ಮೂರೂ ಸೇರಿ ಒಂದು ಕಾರಣ, ಬಿಡಿಬಿಡಿಯಾಗಿ ಮೂರು ಕಾರಣ ಅಲ್ಲ ಅಂತಾನೆ. ನಿಪುಣತೆ ಎಲ್ಲಿಂದ ಬರ್ತದೆ ಅಂದ್ರೆ ಲೋಕ, ಶಾಸ್ತ್ರ, ಕಾವ್ಯ ಇವನ್ನೆಲ್ಲ ಹತ್ರದಿಂದ ನೋಡೋದ್ರಿಂದ. ಅಭ್ಯಾಸ ಅಂದ್ರೆ ಬರಹ ಗೊತ್ತಿದ್ದವ್ರ ಹತ್ರ ಕಲ್ತು ಮತ್ತೆ ಮತ್ತೆ ಮಾಡೋದು. ಶಕ್ತಿ ಅಂದ್ರೆ ಆ ಹುಟ್ಟಿನ ಪ್ರತಿಭೆ, ಅದು ನಿಂಗೆ ಇದೆಯೋ ಇಲ್ವೋ ಅಂತ ಆಫೀಸಿನವ್ರೂ ಹೇಳೋಕಾಗೋದಿಲ್ಲ ನಾನೂ ಹೇಳೋಕಾಗೋದಿಲ್ಲ, ಉಳಿದ ಎರಡು ನಿನ್ನ ಕೈಲಿದಾವೆ. ನಿನ್ನ ಕಥೆ ನಿಂತಿರೋದು ನಿಪುಣತೆಯ ಜಾಗದಲ್ಲಿ, ಅದ್ರಲ್ಲೂ ಲೋಕ ಅನ್ನೋ ಪದದ ಹತ್ರ.

ಹೆಂಗೆ ಗೊತ್ತಾಯ್ತು ಅಂದ್ರೆ ನಿನ್ನ ಒಂದು ವಾಕ್ಯದಿಂದ. "ಬಳಚು ಆರಿಸಿ ಮಾರಿ ನಾಲ್ಕು ಮಕ್ಕಳನ್ನ ಸಾಕಿದವ್ರು." ಇದು ಅಜ್ಜಿ ತೀರ್ಕೊಂಡಾಗ ಊರವ್ರು ಹೇಳೋ ಮಾತು, ಗೌರವದ ಮಾತು, ಒಪ್ತೀನಿ. ಆದ್ರೆ ಇದ್ರಲ್ಲಿ ಅಜ್ಜಿ ಕಾಣೋದಿಲ್ಲ. ನಾನು ಬರವಣಿಗೆ ಕಮ್ಮಟಗಳಲ್ಲಿ ಹುಡುಗ್ರ ಬರಹ ಓದೋಕೆ ಶುರು ಮಾಡಿ ಇಪ್ಪತ್ತು ವರ್ಷದ ಮೇಲಾಯ್ತು, ಮೊದಲ ಪ್ಯಾರಾ ಹತ್ತತ್ತು ಸಲ ಹರಿಯೋವ್ರಲ್ಲಿ ಹೆಚ್ಚಿನವ್ರಿಗೆ ಭಾಷೆ ಇರ್ತದೆ, ಪ್ರೀತಿ ಇರ್ತದೆ, ಸರಕು ಇರೋದಿಲ್ಲ. ತಮ್ಮನೆಯವ್ರ ಬಗ್ಗೆ ಬರೆಯೋವಾಗ್ಲೇ ಇದು ಜಾಸ್ತಿ, ನಮ್ಮವ್ರು ನಮಗೆ ಗೊತ್ತು ಅನ್ಕೊಂಡಿರ್ತೀವಿ.

ನಂಗೇ ಹೀಗಾಗಿತ್ತು. ಅಮ್ಮ ತೀರ್ಕೊಂಡ ಮೇಲೆ ಮೂರು ವರ್ಷ ಅಮ್ಮನ ಬಗ್ಗೆ ಬರೀಬೇಕು ಅಂತ ಕೂರೋದು, ಅಮ್ಮ ಎಷ್ಟು ಸಹನೆಯವಳು, ಎಷ್ಟು ದುಡಿದ್ಲು ಅಂತ ನಾಲ್ಕು ಸಾಲು ಬರ್ದು ಅಳೋದು, ಎದ್ದು ಹೋಗೋದು, ಇಷ್ಟೇ ಆಗ್ತಿತ್ತು. ಒಂದು ಚಳಿಗಾಲ ಅಣ್ಣನ ಮನೇಲಿ ಅಡಿಕೆ ಕೊನೆ (ಗೊನೆ) ಕೊಯ್ಲು, ರಾತ್ರಿ ಅಡಿಕೆ ಸುಲಿಯೋಕೆ ಜನ ಕಮ್ಮಿ ಬಿದ್ರು ಅಂತ ನಾನೂ ಮೆಟ್ಟುಗತ್ತಿ ಹಾಕ್ಕೊಂಡು ಕೂತೆ, ಮೂವತ್ತು ವರ್ಷದ ಮೇಲೆ ಕೂತಿದ್ದು. ಅರ್ಧ ಗಂಟೆಗೆ ಹೆಬ್ಬೆರಳ ಬುಡ ಉರಿಯೋಕೆ ಶುರುವಾಯ್ತು, ಅಡಿಕೆ ಕರೆ ಹತ್ತಿ ಬೆರಳ ತುದಿ ಕಪ್ಪಾಗ್ತಾ ಬಂತು, ಆ ಹೊತ್ತಲ್ಲಿ ತಟ್ ಅಂತ ನೆನಪಾಯ್ತು, ಅಮ್ಮ ಸುಲಿಯೋ ದಿನಗಳಲ್ಲಿ ನಂಗೆ ಜಡೆ ಹಾಕುವಾಗ ಬೆರಳು ತಾಗದ ಹಾಗೆ ಅಂಗೈಯಿಂದಲೇ ಕೂದ್ಲು ಒತ್ತಿ ಹಿಡೀತಿದ್ಲು, ಶಾಲೆಗೆ ಹೋಗೋ ಹುಡುಗಿ ಬಿಳಿ ರಿಬ್ಬನ್ನಿಗೆ ಕರೆ ಹತ್ತಬಾರದು ಅಂತ. ಮೂರು ವರ್ಷದಿಂದ ಹುಡುಕ್ತಿದ್ದದ್ದು ಅದೇ. ಅದು ಸಹನೆ ಅನ್ನೋ ಪದದ ಒಳಗೆ ಇರ್ಲಿಲ್ಲ, ಕೈಯಲ್ಲಿ ಇತ್ತು, ನನ್ನ ಕೈ ಅದೇ ಕೆಲಸಕ್ಕೆ ಇಳಿಯೋ ತನಕ ಮೇಲೆ ಬರ್ಲಿಲ್ಲ.

ಹಾಗಾಗಿ ನಿಂಗೆ ನಾನು ಕೊಡೋ ಮೊದಲ ಸಲಹೆ ಬರೆಯೋದಕ್ಕೆ ಸಂಬಂಧಪಟ್ಟದ್ದೇ ಅಲ್ಲ. ಒಂದು ಭಾನುವಾರ ತವರಿಗೆ ಹೋಗು. ಅಜ್ಜಿ ಇದಾರೋ ಇಲ್ವೋ ಬರ್ದಿಲ್ಲ ನೀನು, ಇದ್ರೆ ಅವ್ರ ಜೊತೆ, ಇಲ್ದಿದ್ರೆ ಅವ್ರ ಜೊತೆ ಹೊಳೆಗೆ ಇಳೀತಿದ್ದ ಇನ್ಯಾರಾದ್ರೂ ಇದ್ದೇ ಇರ್ತಾರೆ, ಅವ್ರ ಜೊತೆ ಕೂರು. ಇಳಿತ ಯಾವಾಗ ಅಂತ ಕೇಳ್ಕೊಂಡು ಹೋಗು, ನೀರು ಇಳಿದಾಗ ಅವ್ರು ಎಲ್ಲಿಗೆ ಹೋಗ್ತಿದ್ರು ಅಂತ ಜಾಗ ತೋರ್ಸೋಕೆ ಹೇಳು, ಆದ್ರೆ ಅವ್ರನ್ನ ಬಿಟ್ಟು ಒಬ್ಳೇ ಇಳೀಬೇಡ, ಅಳಿವೆಯ ಕೆಸರು ಮತ್ತೆ ಏರಿ ಬರೋ ಭರತದ ನೀರು ಗೊತ್ತಿಲ್ಲದವ್ರಿಗೆ ಅಪಾಯ. "ನಿಮ್ಮ ಜೀವನ ಹೆಂಗಿತ್ತು" ಅಂತ ಮಾತ್ರ ಕೇಳ್ಬೇಡ, ಆ ಪ್ರಶ್ನೆಗೆ ಎಲ್ಲರೂ "ಕಷ್ಟ ಇತ್ತು ತಂಗಿ" ಅಂತಲೇ ಹೇಳೋದು. ಕೈಗೆ ಕಾಲಿಗೆ ಸಂಬಂಧಪಟ್ಟದ್ದು ಕೇಳು. ಕೆಸರಲ್ಲಿ ಬಳಚು ಇದೆ ಅಂತ ಪಾದಕ್ಕೆ ಹೆಂಗೆ ಗೊತ್ತಾಗ್ತದೆ, ಕಲ್ಲಿಗೂ ಚಿಪ್ಪಿಗೂ ವ್ಯತ್ಯಾಸ ಏನು? ಆರಿಸಿದ್ದನ್ನ ಯಾವುದ್ರಲ್ಲಿ ಹಾಕ್ತಿದ್ರು, ಅದನ್ನ ಸೊಂಟಕ್ಕೆ ಕಟ್ಕೋತಿದ್ರಾ, ಬಿಟ್ರೆ ತೇಲಿ ಹೋಗ್ತಿತ್ತಾ? ಚಿಪ್ಪು ಕೊಯ್ದ್ರೆ ಏನು ಹಚ್ತಿದ್ರು? ಸೀರೆ ಎಷ್ಟು ಮೇಲೆ ಕಟ್ತಿದ್ರು, ಒದ್ದೆ ಸೀರೇಲೇ ಮಾರೋಕೆ ಹೋಗ್ತಿದ್ರಾ? ಮಾರುವಾಗ ಎಣಿಸಿ ಕೊಡ್ತಿದ್ರಾ ಅಳೆದು ಕೊಡ್ತಿದ್ರಾ, ಸಾಲ ಯಾರಿಗೆ ಬಿಡ್ತಿದ್ರು, ಯಾರ ಮನೆ ಮುಂದೆ ಕೂಗದೇ ಹೋಗ್ತಿದ್ರು? ಕೊನೇ ಪ್ರಶ್ನೆನ ಬಿಡ್ಬೇಡ, ಕಥೆ ಬಹಳ ಸಲ ಅಂಥಾ ಮನೆ ಮುಂದೇನೇ ಇರ್ತದೆ.

ಅವ್ರು ಹೇಳೋವಾಗ ಫೋನ್ ತೆಗ್ದು ರೆಕಾರ್ಡ್ ಮಾಡ್ಬೇಡ ಅಂತ ನಾನು ಹೇಳ್ತಿದ್ದೆ, ಈಗ ಮಾಡ್ಕೋ ಅಂತೀನಿ, ಕೇಳಿ ಒಪ್ಪಿಗೆ ತಗೊಂಡು. ಯಾಕಂದ್ರೆ ಅವ್ರ ಪದಗಳು ಮುಖ್ಯ, ನಾವು ಮನೇಗೆ ಬರೋದ್ರೊಳಗೆ ಅವನ್ನ ಪುಸ್ತಕದ ಕನ್ನಡಕ್ಕೆ ತಿರುಗಿಸಿಬಿಟ್ಟಿರ್ತೀವಿ.

ಬಂದ ತಕ್ಷಣ ಕಥೆ ಬರೆಯೋಕೆ ಕೂರ್ಬೇಡ. ಟ್ಯಾಗೋರರ ಮಾತು ಇಲ್ಲಿ ಉಪಯೋಗಕ್ಕೆ ಬರ್ತದೆ. ಕೇಳಿದ್ದನ್ನ ಬರೇ ಟಿಪ್ಪಣಿ ಮಾಡಿಟ್ಟು ಒಂದು ವಾರ, ಹತ್ತು ದಿನ ಬಿಡು. 1926ರಲ್ಲೇ ಗ್ರಹಾಂ ವಾಲಸ್ ಅನ್ನೋ ಇಂಗ್ಲಿಷ್ ಚಿಂತಕ ಹೊಸ ಯೋಚನೆ ಹುಟ್ಟೋದಕ್ಕೆ ನಾಲ್ಕು ಹಂತ ಗುರ್ತಿಸಿದ್ದ, ತಯಾರಿ, ಕಾವು ಕೂರೋದು, ಹೊಳಹು, ಆಮೇಲೆ ಪರೀಕ್ಷೆ. ಇವತ್ತಿಗೂ ಸೃಜನಶೀಲತೆ ಪಾಠ ಮಾಡೋವ್ರು ಇದನ್ನೇ ಹಿಡ್ಕೊಂಡು ಶುರು ಮಾಡ್ತಾರೆ. "ಒಳಗಿಂದ ಬರ್ಲಿ" ಅನ್ನೋವ್ರು ಎರಡನೇ ಮತ್ತೆ ಮೂರನೇ ಹಂತ ಮಾತ್ರ ಹೇಳಿ ಮೊದಲನೇದನ್ನ ಬಿಟ್ಟುಬಿಡ್ತಾರೆ. ಕೋಳಿ ಕಾವು ಕೂರೋಕೆ ಕೆಳಗೆ ಮೊಟ್ಟೆ ಇರ್ಬೇಕಲ್ಲ ತಂಗೀ.

ಇನ್ನು "ದಿನಾ ಬರಿ" ಮತ್ತೆ "ಮನಸ್ಸು ಬಂದಾಗ ಬರಿ" ಈ ಜಗಳ. ಇದ್ರಲ್ಲಿ ನಾನು ದಿನಾ ಬರಿಯೋವ್ರ ಪಕ್ಷ, ಆದ್ರೆ ಸ್ವಲ್ಪ ಹೊತ್ತು. ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಬಾಯ್ಸ್ 1983ರಲ್ಲಿ ಒಂದು ಪ್ರಯೋಗ ಪ್ರಕಟಿಸಿದ್ರು. ಬರೆಯೋಕೆ ಒದ್ದಾಡ್ತಿದ್ದ ಪ್ರಾಧ್ಯಾಪಕರನ್ನ ಮೂರು ಗುಂಪು ಮಾಡಿ, ಒಂದು ಗುಂಪಿಗೆ ತುರ್ತು ಇಲ್ದಿದ್ರೆ ಬರೀಲೇಬೇಡಿ ಅಂದ್ರು, ಒಂದಕ್ಕೆ ಮನಸ್ಸು ಬಂದಾಗ ಬರೀರಿ ಅಂದ್ರು, ಇನ್ನೊಂದಕ್ಕೆ ಮನಸ್ಸಿರ್ಲಿ ಬಿಡ್ಲಿ ಹೊತ್ತಿಗೆ ಸರಿಯಾಗಿ ಕೂತು ಬರೀಲೇಬೇಕು ಅಂತ ಕಟ್ಟು ಹಾಕಿದ್ರು. ಕಟ್ಟಿಗೆ ಬಿದ್ದವ್ರೇ ಹೆಚ್ಚು ಪುಟ ಬರೆದ್ರು ಅನ್ನೋದು ಆಶ್ಚರ್ಯ ಅಲ್ಲ, ಹೊಸ ಯೋಚನೆಗಳೂ ಅವ್ರಿಗೇ ಹೆಚ್ಚು ಬಂದ್ವು ಅನ್ನೋದು ಆಶ್ಚರ್ಯ. ಚಿಕ್ಕ ಪ್ರಯೋಗ ಅದು, ಕೆಲವೇ ಜನ, ಬರೀತಿದ್ದದ್ದೂ ಕಥೆ ಅಲ್ಲ, ಹಾಗಾಗಿ ನಾನು ಅದನ್ನ ವೇದವಾಕ್ಯ ಅನ್ನೋದಿಲ್ಲ. ಆದ್ರೆ ಕಮ್ಮಟಕ್ಕೆ ಬಂದವ್ರಲ್ಲಿ ನಾನು ಕಂಡದ್ದೂ ಇದೇ. ದಿನಾ ಕೂರೋವ್ರಿಗೆ ಬಸ್ಸಲ್ಲಿ, ಪಾತ್ರೆ ತೊಳೆಯುವಾಗ ವಾಕ್ಯ ಹೊಳೀತದೆ. ಮನಸ್ಸು ಬರ್ಲಿ ಅಂತ ಕಾಯೋವ್ರಿಗೆ ಬಸ್ಸಲ್ಲೂ ಹೊಳೆಯೋದಿಲ್ಲ, ಮೇಜಿನ ಹತ್ರನೂ ಹೊಳೆಯೋದಿಲ್ಲ, ಕಥೆ ಅವ್ರ ತಲೇಲಿ ಹಗಲಿಡೀ ಇರೋದೇ ಇಲ್ಲ.

ನಿಂದು ಹತ್ತರಿಂದ ಸಾಯಂಕಾಲದ ತನಕ ಆಫೀಸು. ಬೆಳಿಗ್ಗೆ ಅರ್ಧ ಗಂಟೆ ಸಾಕು. ದಿನಾ ಸಾವಿರ ಪದ ಅನ್ನೋ ಲೆಕ್ಕ ಬೇಡ, ಲೆಡ್ಜರಿನಲ್ಲಿ ಅಂಕಿ ಬರ್ದು ಬರ್ದು ಬಂದ ಕೈಗೆ ಇನ್ನೊಂದು ಟಾರ್ಗೆಟ್ ಯಾಕೆ. ಸಾವಿರ ವರ್ಷಕ್ಕೂ ಹಿಂದಿನ ಸಂಸ್ಕೃತ ಕವಿ ರಾಜಶೇಖರ 'ಕಾವ್ಯಮೀಮಾಂಸೆ'ಯಲ್ಲಿ ಕವಿಯ ದಿನಚರಿ ಹೇಳುವಾಗ ಹಗಲನ್ನ ನಾಲ್ಕು ಪಾಲು ಮಾಡ್ತಾನೆ, ಮೊದಲ ಪಾಲು ಓದು, ಎರಡನೇದು ಬರವಣಿಗೆ, ಊಟ ಆದ್ಮೇಲೆ ಗೋಷ್ಠಿ, ನಾಲ್ಕನೇ ಪಾಲಲ್ಲಿ ಬೆಳಿಗ್ಗೆ ಬರೆದದ್ದರ ಪರೀಕ್ಷೆ. ಯಾಕೆ ಅಷ್ಟು ಹೊತ್ತು ಬಿಟ್ಟು ಅಂದ್ರೆ ರಸದ ಆವೇಶದಲ್ಲಿ ಬರೆಯೋವ್ನಿಗೆ ಸರಿ ತಪ್ಪು ಬೇರೆ ಮಾಡೋ ಕಣ್ಣು ಇರೋದಿಲ್ಲ ಅಂತ ಕಾರಣನೂ ಕೊಡ್ತಾನೆ. ನಿನ್ನ ಹನ್ನೊಂದು ಪ್ಯಾರಾ ಸತ್ತದ್ದು ಹೀಗೇ ಅಂತ ನಂಗೆ ಅನುಮಾನ, ಬರೆಯೋ ಕೈ ಮತ್ತೆ ಹರಿಯೋ ಕೈ ಎರಡೂ ಒಂದೇ ಹೊತ್ತಲ್ಲಿ ಮೇಜಿನ ಮೇಲೆ ಇದ್ವು. ಬೆಳಿಗ್ಗೆ ಬರೆದದ್ದನ್ನ ಬೆಳಿಗ್ಗೆ ಹರೀಬೇಡ. ರಾತ್ರಿ ಊಟ ಆದ್ಮೇಲೆ ಓದು, ಅದೂ ಮೊದಲ ವಾರ ಬೇಡ, ಎರಡನೇ ವಾರದಿಂದ.

ಅಲ್ಲಲ್ಲಿ ಸಿಗೋ ಇನ್ನೊಂದು ಸಲಹೆ, ಪೂರ್ತಿ ಸ್ವತಂತ್ರವಾಗಿ ಬರಿ, ಯಾವ ಚೌಕಟ್ಟೂ ಬೇಡ ಅಂತ. ನಾವು ಯಕ್ಷಗಾನದ ಸೀಮೆಯವ್ರು, ಇದನ್ನ ನಾವು ಒಪ್ಪೋಕಾಗೋದಿಲ್ಲ. ತಾಳಮದ್ದಲೆ ನೋಡಿದೀಯಲ್ಲ, ವೇಷ ಇಲ್ಲ, ಕುಣಿತ ಇಲ್ಲ, ಬರ್ದಿಟ್ಟ ಮಾತಿಲ್ಲ, ಭಾಗವತರು ಪದ್ಯ ಹೇಳ್ತಾರೆ, ಪಾತ್ರದ ಮಾತಾಡೋ ಅರ್ಥಧಾರಿ ಕೂತಲ್ಲೇ ಮಾತು ಹುಟ್ಟಿಸ್ತಾನೆ. ವಾಲಿವಧೆ ಪ್ರಸಂಗದಲ್ಲಿ ವಾಲಿ ಸಾಯ್ತಾನೆ ಅಂತ ಎದುರು ಕೂತ ಅಜ್ಜನಿಗೂ ಗೊತ್ತು, ಕಂಬಕ್ಕೆ ಒರಗಿ ನಿದ್ದೆ ಮಾಡ್ತಿರೋ ಮಗುಗೂ ಗೊತ್ತು, ಪದ್ಯ ದಾಟೋ ಹಾಗಿಲ್ಲ, ಆದ್ರೂ ಬಾಣ ತಾಗಿದ ವಾಲಿ ರಾಮನನ್ನ ಕೇಳೋ ಪ್ರಶ್ನೆ ಇವತ್ತು ರಾತ್ರಿ ಹೊಸದಾಗಿ ಹುಟ್ತದೆ. ಕಟ್ಟು ಬಿಗಿ ಇದ್ದಷ್ಟೂ ಮಾತು ಚಿಮ್ಮೋದನ್ನ ನಾನು ಚಿಕ್ಕಂದಿನಿಂದ ಕಂಡಿದೀನಿ. ಅಂಕೋಲೆಯ ದಿನಕರ ದೇಸಾಯರು ಕಾರ್ಮಿಕ ಸಂಘಟನೆ, ಶಾಲೆ ಕಟ್ಟೋದು ಅಂತ ಇಷ್ಟೆಲ್ಲ ಕೆಲಸದ ನಡುವೆ ನಾಲ್ಕೇ ಸಾಲಿನ ಚುಟುಕ ಹಿಡ್ಕೊಂಡು ಒಂದು ದಾರಿನೇ ಮಾಡಿದ್ರು. ನಿಂಗೂ ಒಂದು ಕಟ್ಟು ಹಾಕ್ಕೊಡ್ತೀನಿ: ಅಜ್ಜಿಯ ಇಡೀ ಜೀವನ ಬೇಡ, ಒಂದು ಇಳಿತದಿಂದ ಮುಂದಿನ ಭರತದ ತನಕ, ಆರು ಗಂಟೆಯ ಚಿಲ್ಲರೆ ಹೊತ್ತು, ಅಷ್ಟ್ರೊಳಗೆ ಕಥೆ ಮುಗೀಬೇಕು. ನೀರು ಏರೋಕೆ ಶುರುವಾದ್ರೆ ಅಜ್ಜಿ ಮೇಲೆ ಬರ್ಲೇಬೇಕಲ್ಲ, ಹೊಳೆಯ ಗಡಿಯಾರನೇ ನಿನ್ನ ಕಥೆಯ ಗಡಿಯಾರ. "ಕಷ್ಟ", "ತ್ಯಾಗ", "ಸಹನೆ" ಅನ್ನೋ ಮೂರು ಪದ ಎಲ್ಲೂ ಬರೋ ಹಾಗಿಲ್ಲ.

ಗುಂಪಲ್ಲಿ ಕೂತು ಐಡಿಯಾ ಹುಟ್ಟಿಸೋ ಪದ್ಧತಿ ಬಗ್ಗೆ ನಿನ್ನ ಕೋರ್ಸಲ್ಲಿ ಹೇಳಿರ್ಬಹುದು. 1958ರಲ್ಲೇ ಯೇಲ್ ಯೂನಿವರ್ಸಿಟಿಯವ್ರು ಪರೀಕ್ಷೆ ಮಾಡಿ ನೋಡಿದ್ರು, ನಾಲ್ಕು ಜನ ಒಟ್ಟಿಗೆ ಕೂತಾಗ ಬಂದದ್ದಕ್ಕಿಂತ ನಾಲ್ಕು ಜನ ಬೇರೆ ಬೇರೆ ಕೂತು ಬರ್ದದ್ದನ್ನ ಸೇರ್ಸಿದ್ರೆ ಐಡಿಯಾ ಜಾಸ್ತಿ ಇತ್ತು. ಗೆಳತಿಯರು ಬೇಕು, ಆದ್ರೆ ಬರೆದಾದ್ಮೇಲೆ ಓದೋಕೆ.

ಮುಂದೆ ಯಾವ್ದೇ ಸಲಹೆ ಸಿಕ್ಕಿದ್ರೂ ನಮ್ಮಪ್ಪ ಕತ್ತಿ ಅದ್ದಿದ ಹಾಗೆ ಒಂದ್ಸಲ ಅದ್ದಿ ನೋಡು. ಇದನ್ನ ಕೇಳಿ ನಾಳೆ ಬೆಳಿಗ್ಗೆ ನನ್ನ ಕೈ ಏನು ಮಾಡ್ಬೇಕು ಅಂತ ಗೊತ್ತಾಗ್ತದಾ? "ನಿನ್ನೊಳಗಿನ ಮಗುವನ್ನ ಎಚ್ಚರಿಸು" ಅಂದ್ರೆ ಕೈ ಏನು ಮಾಡ್ಬೇಕು? ಗೊತ್ತಾಗ್ಲಿಲ್ಲ ಅಂದ್ರೆ ಅದು ಕೇಳೋಕೆ ಚೆಂದ, ಅಷ್ಟಕ್ಕೇ ಬಿಡು. ಹೇಳೋವ್ರು ಯಾರಿಗೆ ಇದು ಉಪಯೋಗ ಇಲ್ಲ ಅಂತನೂ ಹೇಳ್ತಾರಾ? ಎಲ್ಲರಿಗೂ ಎಲ್ಲದಕ್ಕೂ ಇದೇ ಅನ್ನೋವ್ರನ್ನ ನಾನು ನಂಬೋದಿಲ್ಲ. ಹದಿನೈದು ದಿನ ಮಾಡಿದ್ರೆ ಕಾಣೋವಂಥದ್ದು ಏನಾದ್ರೂ ಕೈಗೆ ಸಿಗ್ತದಾ, ನಾಲ್ಕು ಪುಟ, ಹತ್ತು ಟಿಪ್ಪಣಿ, ಒಂದು ದೃಶ್ಯ? ಸಿಗದೇ ಇದ್ರೆ ತಪ್ಪು ನಿಂದು ಅನ್ಕೋಬೇಡ, ಸುಣ್ಣ ಹಾಕಿ ಮತ್ತೆ ನೋಡು ಅಥ್ವಾ ಡ್ರಮ್ಮೇ ಚೆಲ್ಲು. ಸಲಹೆ ಓದ್ತಾ ಓದ್ತಾ ಬರ್ದ ಹಾಗೇ ಸಮಾಧಾನ ಆಗ್ತದೆ ಅನ್ನೋದೂ ನೆನಪಿರ್ಲಿ, ಈ ಉತ್ತರ ಓದಿದ್ದನ್ನೂ ಅದೇ ಲೆಕ್ಕಕ್ಕೆ ಸೇರ್ಸ್ಕೋ.

ಇನ್ನೊಂದು ಮಾತು ಬೇರೆ ಥರದ್ದು. ಕಥೆ ಒಂದೇ ಅಲ್ಲ, ಊಟ, ಜನ, ಮೊದಲು ಇಷ್ಟ ಇದ್ದದ್ದು ಯಾವ್ದೂ ಬೇಡ ಅನ್ಸ್ತಿದ್ರೆ, ರಾತ್ರಿ ನಿದ್ದೆ ಇಲ್ದೆ ವಾರಗಟ್ಟಲೆ ಕಳೀತಿದ್ರೆ, ಅದಕ್ಕೆ ಬರವಣಿಗೆಯ ಸಲಹೆ ಮದ್ದಲ್ಲ, ಡಾಕ್ಟರ್ ಹತ್ರ ಹೋಗು. ನಿನ್ನ ಪತ್ರದಲ್ಲಿ ಹಾಗೇನೂ ಕಾಣ್ಲಿಲ್ಲ, ಆದ್ರೂ ಇಷ್ಟು ದಿನ ಬರೀಲಿಕ್ಕೆ ಆಗ್ತಿಲ್ಲ ಅನ್ನೋವ್ರಿಗೆಲ್ಲ ನಾನು ಇದನ್ನ ಹೇಳದೇ ಬಿಡೋದಿಲ್ಲ.

ಬೆಳಗಿನ ಅರ್ಧ ಗಂಟೆ ಮುಗಿದಾಗ ವಾಕ್ಯ ಪೂರ್ತಿ ಮಾಡಿ ಏಳ್ಬೇಡ, ಮುಂದೆ ಏನು ಅಂತ ಗೊತ್ತಿರೋ ಜಾಗದಲ್ಲೇ ಪೆನ್ ಇಡು. ಅಮೆರಿಕದ ಕಾದಂಬರಿಕಾರ ಹೆಮಿಂಗ್ವೇ ಹೀಗೇ ಮಾಡ್ತಿದ್ರು, ನಾಳೆ ಎಲ್ಲಿಂದ ಅಂತ ಗೊತ್ತಿರೋವಾಗ್ಲೇ ನಿಲ್ಲಿಸ್ತಿದ್ರು. ನಿನ್ನ ಅಜ್ಜಿ ಒಂದು ಕಾಲು ಕೆಸರಲ್ಲಿ ಇಟ್ಟು ಬೆರಳಿಗೆ ಏನೋ ತಾಗ್ತು ಅಂತ ಬಗ್ಗುವಾಗ ಎದ್ದು ಆಫೀಸಿಗೆ ಹೋಗು. ಅದು ಬಳಚಾ ಕಲ್ಲಾ ಅಂತ ಮರುದಿನ ಬೆಳಿಗ್ಗೆ ನೋಡು.

ಮೊದಲ ಪ್ಯಾರಾ ಕಡೇಗೆ ಬರಿ. ಆ ಮನೆ ಮುಂದೆ ಅಜ್ಜಿ ಕೂಗದೇ ಹೋದ ಜಾಗ ಇದೆಯಲ್ಲ, ಅಲ್ಲಿಂದ ಶುರು ಮಾಡು. ಆರೇಳು ಪುಟ ಆದ್ಮೇಲೆ, ಎಷ್ಟು ಒರಟಾಗಿದ್ರೂ ಸರಿ, ನಂಗೆ ಕಳ್ಸು, ನಾನು ಪೆನ್ಸಿಲ್ ಹಿಡ್ಕೊಂಡು ಓದ್ತೀನಿ.